ಮಗುವನ್ನು ಎತ್ತಿಕೊಳ್ಳುವ ಶಾಸ್ತ್ರ

ತೆಕ್ಕಟ್ಟೆ
೧೨-೧-೨೦೦೨

ದೀಕ್ಷಾಳ ಅಪ್ಪನಿಗೆ,

ನಾನೂ ಮಗುವೂ ಆರಾಮ. ಅವತ್ತು ಫೋನಿನಲ್ಲಿ "ಮತ್ತೂ ಹೆಣ್ಣಾ?" ಎಂದು ಕೇಳಿ ರಿಸೀವರ್ ಇಟ್ಟ ಮೇಲೆ ರತ್ನಾಗಿರಿಯಿಂದ ನಿಮ್ಮ ಸುದ್ದಿಯೇ ಇಲ್ಲ. ಬೋಟಿನ ಕೆಲಸ ಜೋರಿರಬೇಕು ಎಂದುಕೊಂಡಿದ್ದೇನೆ.

ಬಾಣಂತನದ ರಜೆ ಮುಗಿದ ಮೇಲೆ ಎಂಟನೆಯ ತರಗತಿಗೆ ರೋಮನ್ನರ ಪಾಠ ಮಾಡಬೇಕು, ಅದಕ್ಕೇ ಓದುತ್ತಿದ್ದೆ. ಅವರಲ್ಲಿ ಹುಟ್ಟಿದ ಮಗುವನ್ನು ನೆಲದ ಮೇಲೆ ಮಲಗಿಸುತ್ತಿದ್ದರಂತೆ. ಅಪ್ಪ ಬಂದು ಎತ್ತಿಕೊಂಡರೆ ಅದು ಮನೆಯ ಮಗು. ಎತ್ತದಿದ್ದರೆ ಹೊರಗೆ ಬಿಟ್ಟು ಬರುತ್ತಿದ್ದರು, ಹೆಚ್ಚಾಗಿ ಹೆಣ್ಣುಮಕ್ಕಳನ್ನು.

ನಿನ್ನೆ ನಿಮ್ಮ ಅಮ್ಮ ಗಂಗೊಳ್ಳಿಯಲ್ಲಿ ಮೀನು ಮಾರಿ ಮುಗಿಸಿ ನೇರವಾಗಿ ಇಲ್ಲಿ ನನ್ನ ತವರಿಗೆ ಬಂದರು. ಮಗು ಚಾಪೆಯ ಮೇಲಿತ್ತು. ನಾನು ಈ ಕಥೆ ಹೇಳಿದೆ. "ಅಪ್ಪ ಬಪ್ಪತನಕ ಮಗು ನೆಲದ್ ಮೇಲೆ ಇರ್ಕಾ? ಎಂಥಾ ಜನ ಮಾರಾಯ್ತಿ ಅವ್ರ್!" ಎಂದವರೇ ಕೈಕಾಲು ತೊಳೆದು ಬಂದು ಎತ್ತಿಕೊಂಡರು. ಬುಟ್ಟಿ ಹೊತ್ತು ಕುತ್ತಿಗೆ ನೋಯುತ್ತಿದ್ದರೂ ಕತ್ತಲಾಗುವವರೆಗೆ ಕೆಳಗಿಡಲಿಲ್ಲ.

ಇದೇ ೨೭ರ ಭಾನುವಾರ ತೊಟ್ಟಿಲಿಗೆ ಹಾಕುವುದು. ತಂಗಿಗೆ ಪ್ರೇಕ್ಷಾ ಎಂದು ದೀಕ್ಷಾಳೇ ಹೆಸರು ಆರಿಸಿದ್ದಾಳೆ. ಮುಹೂರ್ತ ನಿಮಗಾಗಿ ಕಾಯುವುದಿಲ್ಲ. ಬರುವುದಾದರೆ ದೀಕ್ಷಾಳಿಗೊಂದು ಜೊತೆ ಚಪ್ಪಲಿ, ತೊಟ್ಟಿಲಿಗೆ ಗಟ್ಟಿ ಹಗ್ಗ ತನ್ನಿ. ಬೋಟಿನ ಹಗ್ಗವಾದರೂ ಆದೀತು.

ಮಗುವನ್ನು ಎತ್ತಿಕೊಳ್ಳಬೇಕು ಅನ್ನಿಸಿದರೆ ನಿಮ್ಮ ಅಮ್ಮನನ್ನು ಕೇಳಿ. ಕೊಡುವುದು ಬಿಡುವುದು ಈಗ ಅವರಿಗೆ ಸೇರಿದ್ದು.

ಇಬ್ಬರು ಹೆಣ್ಣುಮಕ್ಕಳ ತಾಯಿ,
ಹರಿಣಾಕ್ಷಿ