ಅಪರೂಪದ ಮುಖ

॥ ಶ್ರೀ ರೇಣುಕ ಪ್ರಸನ್ನ ॥

ನರಸಿಂಹರಾಜಪುರ
೧೮-೯-೨೦೨೪

ಮೊಮ್ಮಗಳು ಗಾನವಿಗೆ ಅಜ್ಜಿಯ ಆಶೀರ್ವಾದ.

ಇಲ್ಲಿ ಎಲ್ಲರೂ ಆರೋಗ್ಯವಾಗಿದ್ದೇವೆ. ನೀನು ಶೃಂಗೇರಿಗೆ ಹೋಗಿ, ಶಾಲಿನಿ ಅತ್ತೆಯ ಲಾಡ್ಜಿನ ಮೇಲಿನ ಕೋಣೆ ಸೇರಿದ್ದೀಯ. ಫೋನ್ ಎತ್ತುವುದಿಲ್ಲ. ನಾನು ಮೊದಲೇ ಬರೆಯಬೇಕಿತ್ತು, ತಡವಾಯಿತು, ಬೇಸರಿಸಬೇಡ. ಬರೀ ಬುದ್ಧಿವಾದ ಬರೆಯಲು ಮನಸ್ಸಾಗಲಿಲ್ಲ. ಒಂದು ಸುದ್ದಿಯಾದರೂ ಇರಲಿ ಎಂದು ಕಾದೆ. ಈಗ ಇದೆ.

ಶಿವಮೊಗ್ಗದ ಹೋಟೆಲಿನಲ್ಲಿ ನಡೆದ ಆ ಮಾಡೆಲ್ ಆಯ್ಕೆಯಿಂದ ಬಂದ ದಿನ, "ಬಂದಿದ್ದವರಲ್ಲಿ ನನ್ನನ್ನೊಬ್ಬಳನ್ನೇ ಆರಿಸಿದ್ರು ಅಜ್ಜಿ, ಅಪರೂಪದ ಮುಖ ಅಂದ್ರು" ಎಂದೆ. ನಾನು ಬೀದಿಗೆಲ್ಲ ಸಕ್ಕರೆ ಹಂಚಿದೆ. ಆಮೇಲೆ ಫೋಟೊ ಆಲ್ಬಂಗೆ ದುಡ್ಡು ಕೊಡು ಎಂದರು, ನಡಿಗೆ ಕಲಿಸಲು ಕೊಡು ಎಂದರು, ಮುಂಬೈಯಲ್ಲಿ ನಡೆಯುವ ಕೊನೆಯ ಸುತ್ತಿನ ಆಯ್ಕೆಗೆ ಕೊಡು ಎಂದರು. ನೀನು ಕೂಡಿಟ್ಟದ್ದೆಲ್ಲ ಹೋಗಿ, ಕೊನೆಗೆ ನಾನು ಕೊಟ್ಟ ಜುಮುಕಿಯೂ ಹೋಯಿತು. ಮುಂಬೈ ಸುತ್ತು ಬರಲೇ ಇಲ್ಲ. ಜುಮುಕಿಯ ವಿಷಯಕ್ಕೆ ಬೈಯುವುದಿದೆ. ಅದನ್ನು ಎದುರಿಗೇ ಬೈಯುತ್ತೇನೆ, ಕಾಗದದಲ್ಲಿ ಬೈದರೆ ನನಗೆ ಸಮಾಧಾನವಿಲ್ಲ.

ಮೊನ್ನೆ ನಿನ್ನ ಅಮ್ಮ ಆ ಮೋಸಗಾರರದೇ ಹೊಸ ಜಾಹೀರಾತನ್ನು ಫೋನಿನಲ್ಲಿ ತೋರಿಸಿದಳು. ಈಗ ಫೋಟೊ ಕಳಿಸಿದರೆ ಸಾಕಂತೆ. ನಾನು ಪೆಟ್ಟಿಗೆಯಿಂದ ನನ್ನ ಹಳೆಯ ಫೋಟೊ ತೆಗೆದೆ. ಗಂಡಿನ ಕಡೆಗೆ ಕಳಿಸಲೆಂದು ಕೊಪ್ಪದ ಸ್ಟುಡಿಯೊದಲ್ಲಿ ತೆಗೆಸಿದ್ದು. ಉದ್ದ ಕಾಣಲಿ ಎಂದು ಜಡೆಯನ್ನು ಮುಂದಕ್ಕೆ ಹಾಕಿಕೊಂಡು ಹೂವಿನ ಕುಂಡದ ಪಕ್ಕ ನಿಂತಿದ್ದೇನೆ. ಅದನ್ನು ನೋಡಿ ನಿನ್ನ ಅಜ್ಜ, "ಹುಡುಗಿಗೆ ಲೆಕ್ಕ ಬರ್ತದಾ?" ಎಂದಷ್ಟೇ ಕೇಳಿ ಕಳಿಸಿದ್ದರು. ಅಂಗಡಿಯವರಲ್ಲವೇ. ಹೈಸ್ಕೂಲಿನಲ್ಲಿ ಲೆಕ್ಕಕ್ಕೆ ನಾನೇ ಮೊದಲು ಎಂದು ನನ್ನ ಅಪ್ಪ ಹೇಳಿದರು. ಮದುವೆ ಕುದುರಿತು.

"ಅತ್ತೆ, ಇದು ಕಪ್ಪು-ಬಿಳುಪು. ಗೊತ್ತಾಗಿಬಿಡ್ತದೆ" ಎಂದಳು ನಿನ್ನ ಅಮ್ಮ.

"ನೀನು ಕಳಿಸು. ಹೆಸರು ಪ್ರೇಮಾ, ವಯಸ್ಸು ಹದಿನೆಂಟು ಅಂತ ಹಾಕು" ಎಂದೆ.

ಮರುದಿನವೇ ಒಬ್ಬಳು ಫೋನ್ ಮಾಡಿದಳು. ನಾನೇ ಎತ್ತಿದೆ.

"ಪ್ರೇಮಾ ನಿಮ್ಮ ಮೊಮ್ಮಗಳಾ ಆಂಟಿ? ಸೆಲೆಕ್ಟ್ ಆಗಿದಾಳೆ. ಎಷ್ಟೋ ಜನ ಕಳಿಸಿದ್ರು, ಇವಳನ್ನೊಬ್ಬಳನ್ನೇ ಆರಿಸಿದ್ವಿ. ಅಪರೂಪದ ಮುಖ. ಹಳೇ ಕಾಲದ ಮೇಕಪ್ಪೂ ಚೆನ್ನಾಗಿ ಮಾಡಿಸಿದೀರಿ. ಇವತ್ತೇ ಆಲ್ಬಂ ಫೀಸು ಕಟ್ಟಿದ್ರೆ..."

"ಅದು ನಾನೇ ಮಾರಾಯ್ತಿ. ಈಗ ಎಪ್ಪತ್ತೆರಡು. ಸೊಂಟ ಸ್ವಲ್ಪ ಹಿಡೀತದೆ, ನಡಿಗೆ ನೀವೇ ಕಲಿಸ್ತೀರಲ್ಲ. ಯಾವಾಗ ಬರ್ಲಿ?"

ಫೋನ್ ಕಟ್ಟಾಯಿತು. ನಿನ್ನ ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. ಆದರೆ ಮಾತನ್ನೆಲ್ಲ ರೆಕಾರ್ಡ್ ಮಾಡಿಟ್ಟಿದ್ದಳು, ಜಾಣೆ.

ಅದನ್ನು ಹಿಡಿದು ಇಬ್ಬರೂ ಪೊಲೀಸ್ ಠಾಣೆಗೆ ಹೋದೆವು. ಭಂಡಿಗಡಿಯ ಒಬ್ಬ ತಾಯಿಯೂ ಅಲ್ಲಿದ್ದರು. ಅವರ ಮಗಳು ದಿವ್ಯಳಿಗೂ "ನಿನ್ನೊಬ್ಬಳನ್ನೇ" ಎಂದಿದ್ದರಂತೆ. ದೂರು ಬರೆದುಕೊಂಡಿದ್ದಾರೆ, ನಿನ್ನ ಹೇಳಿಕೆಯೂ ಬೇಕಂತೆ. ನೀನು ಬಾಯಿ ಬಿಡದಿದ್ದರೆ ನಾಳೆ ಇನ್ನೊಬ್ಬಳ ಕಿವಿ ಬರಿದಾಗುತ್ತದೆ.

ಬರುವಾಗ ಎದುರುಮನೆ ರಾಧಮ್ಮ ತಡೆದರು. "ಎಂತ ಪ್ರೇಮಕ್ಕ, ಸಕ್ಕರೆ ತಿಂದವರು ಕಾಯ್ತಾ ಇದೀವಿ. ಮೊಮ್ಮಗಳು ಯಾವ ಜಾಹೀರಾತು ಬೋರ್ಡಲ್ಲಿ ಬರ್ತಾಳೆ?"

"ಅವಳಿರ್ಲಿ ರಾಧಮ್ಮ, ಈ ಸಲ ನಾನೇ ಸೆಲೆಕ್ಟ್ ಆಗಿದೀನಿ. ನಿಮ್ಮ ಫೋಟೊನೂ ಕೊಡಿ, ಕಳಿಸ್ತೀನಿ" ಎಂದೆ. ನಡೆದದ್ದನ್ನೆಲ್ಲ ಬೀದಿಗೆ ಕೇಳುವಂತೆ ಹೇಳಿದೆ. ಆಮೇಲೆ ಯಾರೂ ನಿನ್ನ ವಿಷಯ ಕೆದಕಿಲ್ಲ.

ಮೋಸ ಮಾಡಿದವರು ತಲೆ ತಗ್ಗಿಸಲಿ. ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಆ ಅಭ್ಯಾಸವಿಲ್ಲ. ಸೋಮವಾರ ಬೆಳಗಿನ ಬಸ್ಸಿಗೆ ಹೊರಟು ಬಾ. ಸ್ಟ್ಯಾಂಡಿನಲ್ಲಿ ನಿಂತಿರುತ್ತೇನೆ. ಸಕ್ಕರೆ ಹಂಚಿದ ಬೀದಿಯಲ್ಲೇ ಇಬ್ಬರೂ ನಡೆದು ಮನೆಗೆ ಹೋಗೋಣ.

ರೇಣುಕರು ನಿನಗೆ ಗಟ್ಟಿ ಮನಸ್ಸು ಕೊಡಲಿ.

ಇಂತು,
ನಿನ್ನ ಅಜ್ಜಿ
ಪ್ರೇಮಕ್ಕ

ಮತ್ತೊಂದು ಮಾತು: ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ಆ ಫೋನಿನವಳು ಹೇಳುವುದು ಸುಳ್ಳೆಂದು ನನಗೆ ಮೊದಲೇ ಗೊತ್ತಿತ್ತು, ಬಲೆ ಹಾಕಿದವಳೇ ನಾನು. ಆದರೂ "ಅಪರೂಪದ ಮುಖ" ಎಂದಾಗ ಫೋನ್ ಹಿಡಿದ ಹಾಗೇ ಕೂದಲು ಸವರಿ ಸರಿಮಾಡಿಕೊಂಡೆ. ಈ ಮುಖಕ್ಕೆ ಅಂಥ ಮಾತನ್ನು ಯಾರೂ ಹೇಳಿರಲಿಲ್ಲ, ಗಾನವಿ. ದೃಷ್ಟಿಯಾದೀತು ಎಂಬ ಭಯಕ್ಕೆ ನಮ್ಮಲ್ಲಿ ನಿನಗೂ ಯಾರೂ ಆ ಮಾತು ಹೇಳಲಿಲ್ಲ. ನೀನು ಬಸ್ಸಿಳಿದ ಕೂಡಲೇ ನಾನು ಹೇಳುತ್ತೇನೆ. ದೃಷ್ಟಿಯನ್ನು ಮನೆಗೆ ಬಂದು ತೆಗೆದರಾಯಿತು.