‘ನೀವು’ ಹೋಗಿ ‘ನೀನು’

ಮಾರ್ಚ್ ೯, ಸೋಮವಾರ.

ಸಬ್‌ಟೈಟಲ್ ಬರೆಯಲು ಕೂತಾಗಿನಿಂದ ಒಂದೇ ಗೋಳು: ಪರಭಾಷೆಯ ಸಿನಿಮಾದ ಈ ಯಹೂದಿ ಹೆಂಡತಿ ಗಂಡನನ್ನು ‘ನೀವು’ ಎನ್ನಬೇಕೋ, ‘ನೀನು’ ಎನ್ನಬೇಕೋ? ತಮ್ಮ ಊರಲ್ಲಿ ಅವನು ದೊಡ್ಡ ವಕೀಲ; ‘ನೀವು’ ಎಂದೇ ಬರೆದಿದ್ದೆ. ಎಲ್ಲ ಬಿಟ್ಟು ಓಡಿಬಂದ ಪರದೇಶದಲ್ಲಿ ಅವಳು ದುಡಿಯಲು ಹೋಗುತ್ತಾಳೆ, ಅವನು ಒಲೆ ಮುಂದೆ ನಿಂತು ಬ್ರೆಡ್ಡು ಸೀಯಿಸುತ್ತಾನೆ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಅಲ್ಲಿಂದ ‘ನೀನು’ ಮಾಡಿದೆ, ಮನಸ್ಸು ಹಗುರಾಯಿತು.

ಊಟಕ್ಕೆ ಕೂತಾಗ ನಮ್ಮನೆಯವರು “ಉಪ್ಪೆಲ್ಲೇ?” ಎಂದರು. ನನ್ನ ತಲೆಯಲ್ಲಿನ್ನೂ ಸಿನಿಮಾ. “ನಿನ್ನ ಮುಂದೇನೇ ಇದೆ ನೋಡೋ” ಎಂದುಬಿಟ್ಟೆ. ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ. ಅವರ ತುತ್ತು ಕೈಯಲ್ಲೇ ನಿಂತಿತು. ಆಮೇಲೆ ಗಂಭೀರವಾಗಿ, “ಸಿಕ್ತು. ನಿಮಗೂ ಸ್ವಲ್ಪ ಹಾಕ್ಲಾ?” ಎಂದರು.

ನಕ್ಕು ನಕ್ಕು ಪಕ್ಕೆ ನೋವು. ನಾಳೆ ಕಾಫಿಗೆ ಏನೆಂದು ಕರೆಯಲಿ, ‘ರೀ’ ಅಂತಲೋ, ಇಲ್ಲಾ ‘ಲೋ’ ಅಂತಲೋ?