ಒಂದೇ ಕೆನ್ನೆಯ ರಾಜ

ಪೂಜ್ಯ ಅಣ್ಣನವರಿಗೆ, ರಂಗದ ಮೇಲೆ ಯಾರಿಗೂ ಬಾಗದ ನಿಮ್ಮ ತಮ್ಮ ತಲೆಬಾಗಿ ಬರೆಯುವುದು:

ನನ್ನ ಮುಖದ ಬಲಭಾಗಕ್ಕೆ ಲಕ್ವ ಹೊಡೆದಿರುವುದು ನಿಮಗೆ ಗೊತ್ತೇ ಇದೆ. ಕಂಠ ಮಾತ್ರ ಇವತ್ತಿಗೂ ಕಡೆಯ ಬೆಂಚಿನಲ್ಲಿ ಮಲಗಿದವನನ್ನು ಎಬ್ಬಿಸುತ್ತದೆ. ಆದರೂ ನಾಟಕ ಕಂಪನಿಯ ಮಾಲೀಕರು, "ಸೊಟ್ಟ ಬಾಯಿಯ ರಾಜನ್ನ ಯಾರಯ್ಯ ನೋಡ್ತಾರೆ? ಪರದೆ ಎಳ್ಕೊಂಡಿರು" ಅಂದರು.

ಆಗ ನಿಮ್ಮ ಅಂಚೆಚೀಟಿಗಳ ಆಲ್ಬಮ್ ನೆನಪಾಯಿತು. ಪರಕೀಯರ ಆಳ್ವಿಕೆಯ ಆ ಚೀಟಿಗಳಲ್ಲಿ ಗಡ್ಡದ ದೊರೆ ಎಡಗೆನ್ನೆಯೊಂದನ್ನೇ ತೋರಿಸಿಕೊಂಡು ಅರ್ಧ ಭೂಮಂಡಲ ಆಳಲಿಲ್ಲವೇ? ಇನ್ನೊಂದು ಕೆನ್ನೆ ಎಲ್ಲಿ ಅಂತ ಯಾರಾದರೂ ಕೇಳಿದರೇ? ಮಾಲೀಕರಿಗೆ ಇದನ್ನೇ ಹೇಳಿದೆ. ನಕ್ಕುಬಿಟ್ಟರು, ಶನಿವಾರ ಒಂದೇ ಒಂದು ಆಟ ಕೊಟ್ಟಿದ್ದಾರೆ.

ಆ ದೊರೆಯ ನೀಲಿ ಚೀಟಿಯನ್ನು ಕಳಿಸಿಕೊಡಿ. ಅವನ ಕತ್ತು ಎಷ್ಟು ತಿರುಗಿದೆ, ಗದ್ದ ಎಷ್ಟು ಎತ್ತಿದ್ದಾನೆ ಅಂತ ನೋಡಿಕೊಂಡು ಕನ್ನಡಿ ಮುಂದೆ ಕಲಿಯಬೇಕು. ಚಿಮುಟದಲ್ಲೇ ಹಿಡಿಯುತ್ತೇನೆ, ಬೆರಳು ತಾಗಿಸುವುದಿಲ್ಲ.

ಕೊನೆಯ ಅಂಕದಲ್ಲಿ ರಾಜ ಸೋಲುತ್ತಾನೆ. ಆಗ ಜನರತ್ತ ಪೂರ್ತಿ ಮುಖ ತಿರುಗಿಸುತ್ತೇನೆ. ಮುಂದಿನ ಸಾಲಿನಲ್ಲಿ ಕೂತು ನೀವೂ ಅತ್ತಿಗೆಯೂ ಅಳಬೇಡಿ. ನನಗೆ ಮಾತು ಮರೆತುಹೋಗುತ್ತದೆ.

ಇಂತಿ ನಿಮ್ಮ ತಮ್ಮ,
ಶನಿವಾರದ ರಾಜ